ಸುವರ್ಣಮ್ಮನವರ ಒಂದನೇ ಅಂತಸ್ತು

ಸತ್ಯನಾರಾಯಣಪೇಟೆಯ ತಿಪ್ಪೇರುದ್ರಪ್ಪನವರ ಸೊಂಟವು ಎರಡು ವರ್ಷದ ಹಿಂದಿನ ಯುಗಾದಿಯಿಂದ ಬಗ್ಗುವುದನ್ನು ನಿಲ್ಲಿಸಿರುತ್ತದೆ. ಇದು ನಮ್ಮ ಓಣಿಗೆಲ್ಲ ತಿಳಿದ ಸಂಗತಿ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ಬಸ್ಸಿನ ಕೆಳಗೇ ಮಲಗಿ ಎದ್ದ ಮನುಷ್ಯ, ರಿಟೈರ್ ಆದ ಮೇಲೆ ತನ್ನ ಸ್ವಂತ ಅಂಬಾಸಿಡರಿನ ಕೆಳಗೆ ತೂರಲಾರದೆ ಹೋದರು. ಕಾರು ಎರಡು ವರ್ಷದಿಂದ ಮನೆಪಕ್ಕದ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಅದರೊಳಗೆ ಬೆಕ್ಕು ಮೂರು ಸಲ ಮರಿ ಹಾಕಿತು. ನಾನು ಕಂಡದ್ದು ಮೂರು, ಕಾಣದ್ದು ಎಷ್ಟೋ.

ಅವರ ಹೆಂಡತಿ ಸುವರ್ಣಮ್ಮನವರು ಒಂದು ದಿನ ತೀರ್ಪು ಕೊಟ್ಟರು: "ದಸರಾದೊಳಗ ಇದು ಚಾಲೂ ಆಗಬೇಕು, ಇಲ್ಲಾಂದ್ರ ಗುಜರಿಗೆ. ನನ್ನ ತಂಗಿ ಸಿರಿಗೇರಿಯಾಗ ಮಹಡಿ ಮನಿ ಕಟ್ಟ್ಯಾಳ. ನಾನಿಲ್ಲಿ ಬೆಕ್ಕಿನ ಬಾಣಂತನ ಮಾಡ್ಕೋತ ಕುಂತೀನಿ."

ಮನೆ, ಶೆಡ್ಡು ಎರಡೂ ಅವರ ಹೆಸರಿನಲ್ಲೇ ಇರುವುದರಿಂದ ಮೇಲ್ಮನವಿಗೆ ಅವಕಾಶವಿರಲಿಲ್ಲ.

ತಾನು ಬಗ್ಗಲಾರೆ ಎಂದ ಮೇಲೆ ಕಾರೇ ಏಳಬೇಕಲ್ಲವೆ? ಗ್ಯಾರೇಜಿನಲ್ಲಿ ಕಾರನ್ನು ಮೇಲಕ್ಕೆತ್ತಿ ಹಿಡಿಯುವ ಲಿಫ್ಟ್ ಇರುತ್ತದೆ. ಅಂಥದೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರುವುದೆಂದು ತಿಪ್ಪೇರುದ್ರಪ್ಪನವರು ನಿಶ್ಚಯಿಸಿದರು. ಹೆಂಡತಿಯ ತಮ್ಮ ವೀರೇಶನನ್ನು ಜೊತೆ ಮಾಡಿಕೊಂಡು, ಹೆಣ್ಣು ನೋಡಲು ಹೋಗುವವರಂತೆ ಇಸ್ತ್ರಿ ಅಂಗಿ ಹಾಕಿ ಹೊರಟರು.

ಕುರುಗೋಡಿನ ವೆಂಕಣ್ಣನ ಲಿಫ್ಟಿಗೆ ಎರಡು ಕಂಬ, ಮಿರಮಿರ ಹೊಸ ಬಣ್ಣ. ಗುಂಡಿ ಒತ್ತಿದರೆ ಒಂದು ತೋಳು ಮೇಲೆ ಹೋಯಿತು, ಇನ್ನೊಂದು ಯೋಚನೆ ಮಾಡುತ್ತಾ ನಿಂತಿತು.

"ಎಣ್ಣಿ ಸೋರಾಕತ್ತೈತಲ್ರೀ?" ಎಂದರು ತಿಪ್ಪೇರುದ್ರಪ್ಪ.

"ಸೋರೋದಲ್ರೀ, ಬೆವರು. ಈ ಬಿಸಿಲಿಗೆ ನಿಮಗ ಬರಂಗಿಲ್ಲೇನು?"

"ಮತ್ತ ಆ ತೋಳು?"

"ಅದು ದೊಡ್ಡ ಮನೆತನದ್ದು, ನಿಧಾನ."

ವೀರೇಶನಿಗೆ ಬಣ್ಣ ಹಿಡಿಸಿತು. ಅವನು ಎಲ್ಲದರಲ್ಲೂ ಬಣ್ಣವನ್ನೇ ನೋಡುವವನು. ಅದರ ಫಲವನ್ನು ಮನೆಯಲ್ಲಿ ಉಣ್ಣುತ್ತಿದ್ದಾನೆ; ಆ ಮಾತು ಈಗ ಬೇಡ.

ಸಿರುಗುಪ್ಪದಲ್ಲಿ ಆಸಿಂ ಎಂಬವನು ತನ್ನ ಗ್ಯಾರೇಜು ಮುಚ್ಚುತ್ತಿದ್ದ. ಅವನ ಲಿಫ್ಟಿಗೆ ನಾಲ್ಕು ಕಂಬ, ಮೈತುಂಬ ತುಕ್ಕು. ಆದರೆ ಅವನು ಅದರ ಮೇಲೆ ಒಂದು ಜೀಪು ಏರಿಸಿ, ಕಂಬಕ್ಕೆ ಸೀಮೆಸುಣ್ಣದ ಗೆರೆ ಎಳೆದು, "ಚಾ ಕುಡಿಯೂಣು ಬರ್ರಿ ಚಾಚಾ," ಎಂದ. ಎರಡು ಚಹಾ, ಒಂದು ಪ್ಲೇಟು ಮಿರ್ಚಿ ಮುಗಿದರೂ ಜೀಪು ಗೆರೆಯಿಂದ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ನೆಲ ಗಟ್ಟಿ ಐತೇನ್ರಿ? ಶೆಡ್ಡು ಎಷ್ಟು ಎತ್ತರ?"

"ಕಾಂಕ್ರೀಟು ನೆಲ. ಹದಿಮೂರಡಿ."

"ಹಂಗಾರ ಒಯ್ರಿ. ಮೋಟ್ರಿಗೆ ಮಾತ್ರ ಮೂರು ಫೇಸ್ ಕರೆಂಟ್ ಬೇಕು. ಅದಕ್ಕೊಂದು ಪರ್ಮಿಷನ್ ತಗೋರಿ."

ಆಸಿಂ ಒಳ್ಳೆಯ ಹುಡುಗ. ಕೇಡಾದದ್ದು ಈ ಒಳ್ಳೆಯ ಮಾತಿನಿಂದಲೇ.

ಕರೆಂಟಿನ ಅರ್ಜಿಯನ್ನು ಏರಿಳಿತ ಪರವಾನಗಿ ಶಾಖೆಗೆ ಕಳಿಸಿದರು. ಅಲ್ಲಿಯ ಗುಮಾಸ್ತ ಶಶಿಕಾಂತ್, ಅದರಲ್ಲಿ 'ಲಿಫ್ಟ್' ಎಂಬ ಪದ ಕಂಡೊಡನೆ ಕನ್ನಡಕ ಏರಿಸಿಕೊಂಡ.

"ಮನಿ ಎಷ್ಟು ಅಂತಸ್ತು?"

"ಒಂದೂ ಇಲ್ರಿ, ನೆಲಮನಿ."

"ಮತ್ತ ಲಿಫ್ಟು ಎಲ್ಲಿಗೆ ಹೋಗ್ತೈತಿ?"

"ಮ್ಯಾಲಕ್ಕ."

"ಮ್ಯಾಲೇನೈತಿ?"

"ಕಾರು. ಇದು ಮನಷ್ಯಾರ ಲಿಫ್ಟ್ ಅಲ್ರಿ ಸಾಹೇಬ್ರ, ಕಾರಿಂದು."

"ಕಾರಿನಾಗ ಮನಷ್ಯಾರು ಕುಂದ್ರಂಗಿಲ್ಲೇನು?"

ಶಶಿಕಾಂತ್ ನಿಯಮ ಹನ್ನೊಂದನ್ನು ಓದಿ ಹೇಳಿದ: "ಲಿಫ್ಟ್ ಎಲ್ಲಿ ನಿಲ್ಲುವುದೋ ಅಲ್ಲಿ ಅಂತಸ್ತು ಇರತಕ್ಕದ್ದು. ಇಲ್ಲದಿದ್ದಲ್ಲಿ, ಅಲ್ಲಿ ಏನಿದೆಯೋ ಅದನ್ನೇ ಅಂತಸ್ತು ಎಂದು ಭಾವಿಸತಕ್ಕದ್ದು."

ಆಮೇಲೆ ಸ್ಥಳ ತಪಾಸಣೆಗೆ ಬಂದ. ಸುವರ್ಣಮ್ಮನವರು ಆ ದಿನ ತಂಗಿಯ ಮನೆಗೆ ಹೋಗಿದ್ದರು. ಅವನು ಕಾರಿಗೆ ಒಂದು ಸುತ್ತು ಹಾಕಿ, ಬಾಗಿಲು ನಾಲ್ಕು, ಕಿಟಕಿ ಆರು, ಗಾಳಿ ಬೆಳಕು ಸಮಾಧಾನಕರ ಎಂದು ಬರೆದುಕೊಂಡ. ಡಿಕ್ಕಿಯನ್ನು ತೆರೆಸಿ 'ಉಗ್ರಾಣ, ಒಂದು' ಎಂದ. ಅದರೊಳಗಿದ್ದ ಸ್ಟೆಪ್ನಿ ಗಾಲಿಯನ್ನು ಬಹಳ ಹೊತ್ತು ನೋಡಿ, "ಅಂತಸ್ತಿಗೆ ಗಾಲಿ ಇರತಕ್ಕದ್ದಲ್ಲ. ನಾಲ್ಕನ್ನು ಮಾಫಿ ಮಾಡಬಹುದು, ಐದನೇದು ಕಷ್ಟ," ಎಂದು ನಿಟ್ಟುಸಿರುಬಿಟ್ಟು, ಅದನ್ನು ತನ್ನ ಆಟೋದಲ್ಲಿ ಹಾಕಿಕೊಂಡು ಹೋದ. ಅವನ ಮನೆಯಲ್ಲಿಯೂ ಒಂದು ಅಂಬಾಸಿಡರ್ ಇದೆ ಎಂದು ನಾನು ಹೇಳುವುದಿಲ್ಲ, ಅವನ ಪಕ್ಕದ ಮನೆಯ ಜೋಗಮ್ಮ ಹೇಳುತ್ತಾಳೆ.

ಕರೆಂಟ್ ಬಂತು. ಲಿಫ್ಟ್ ಟ್ರ್ಯಾಕ್ಟರಿನ ಮೇಲೆ ಸಿರುಗುಪ್ಪದಿಂದ ಬಂತು. ಅಂಬಾಸಿಡರ್ ಆರಡಿ ಮೇಲೇರಿತು. ತಿಪ್ಪೇರುದ್ರಪ್ಪನವರು ಅದರ ಕೆಳಗೆ ನೆಟ್ಟಗೆ ನಿಂತು, ಹಾಡು ಗುನುಗುತ್ತಾ ಇಪ್ಪತ್ತು ದಿನ ಕೆಲಸ ಮಾಡಿದರು. ಆಯುಧಪೂಜೆಯ ಬೆಳಿಗ್ಗೆ ಏಣಿ ಹತ್ತಿ ಕೀಲಿ ತಿರುವಿದರು. ಕಾರು ಒಂದು ಸಲ ಕೆಮ್ಮಿ, ಗುರ್ ಎಂದಿತು. ಓಣಿಯವರೆಲ್ಲ ಓಡಿಬಂದೆವು. ಬೆಕ್ಕೂ ಬಂತು. ಇಳಿಸಿದ ಮೇಲೆ ಗಾಲಿಗಿಡಲು ನಾಲ್ಕು ನಿಂಬೆಹಣ್ಣು ತಟ್ಟೆಯಲ್ಲಿ ಸಿದ್ಧವಿದ್ದವು.

ಅಷ್ಟರಲ್ಲಿ ರಜೆಯ ದಿನವೂ ಶಶಿಕಾಂತ್ ಬಂದ. ಕೈಯಲ್ಲಿ ಪ್ರಕಟಣೆ. ನಿಂತಲ್ಲೇ ಓದಿದ:

"ಸದರಿ ಮನೆಯ ಒಂದನೇ ಅಂತಸ್ತನ್ನು ಮಾಲೀಕರ ಸಹಿಯುಳ್ಳ ತೆರವು ಅರ್ಜಿಯಿಲ್ಲದೆ ಇಳಿಸತಕ್ಕದ್ದಲ್ಲ, ಓಡಿಸತಕ್ಕದ್ದಲ್ಲ, ಗುಜರಿಗೆ ಹಾಕತಕ್ಕದ್ದಲ್ಲ. ಅಂತಸ್ತು ರಸ್ತೆಯಲ್ಲಿ ಕಂಡುಬಂದಲ್ಲಿ ಅದನ್ನು ಪರಾರಿಯಾಗಿದೆ ಎಂದು ಪರಿಗಣಿಸಲಾಗುವುದು."

"ಸುವರ್ಣಾ, ಒಂದು ಸಹಿ ಹಾಕು," ಎಂದರು ತಿಪ್ಪೇರುದ್ರಪ್ಪ ಸ್ಟೇರಿಂಗ್ ಹಿಡಿದುಕೊಂಡೇ.

ಸುವರ್ಣಮ್ಮನವರು ಕಾಗದವನ್ನು ಕಸಿದುಕೊಂಡು ಎರಡು ಸಲ ಓದಿಕೊಂಡರು.

"ಒಂದನೇ ಅಂತಸ್ತು ಅಂದ್ರ ಮಹಡಿ ಅಲ್ಲೇನ್ರಿ?"

"ಕಾಯಿದೆಬದ್ಧ ಮಹಡಿ ತಾಯಿ," ಎಂದ ಶಶಿಕಾಂತ್.

"ಸೀಲು ಐತಿ?"

"ಎರಡು ಅದಾವು."

"ನನ್ನ ತಂಗಿ ಮಹಡಿಗೆ ಒಂದೂ ಇಲ್ಲ," ಎಂದು ಸುವರ್ಣಮ್ಮ ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡರು.

"ಲೇ ಸುವರ್ಣಾ, ಗಾಡಿ ಚಾಲೂ ಆಗೇತಿ! ಹಂಪಿಗೆ ಕರ್ಕೊಂಡು ಹೋಗ್ತೀನಿ, ಇಳಿಸು!"

"ಹಂಪಿ ಎಲ್ಲಿ ಓಡಿಹೋಗ್ತೈತಿ? ನೀವು ಅಲ್ಲೇ ಕುಂದರ್ರಿ, ತಂಗಿಗೆ ಫೋಟೋ ಕಳಿಸಬೇಕು."

ಸಹಿ ಬೀಳಲಿಲ್ಲ. ವಿಧಿವತ್ತಾಗಿ ಗೃಹಪ್ರವೇಶವಾಯಿತು. ಮುತ್ತೈದೆಯರನ್ನು ನಾಲ್ಕು ನಾಲ್ಕು ಜನರಂತೆ ಮೇಲೆ ಹತ್ತಿಸಿ, ಕಿಟಕಿಯಿಂದ ಅರಿಸಿನ ಕುಂಕುಮ ಕೊಟ್ಟರು. ನನಗೆ ಮುಂದಿನ ಸೀಟು ಸಿಕ್ಕಿತು. ಊಟಕ್ಕೆ ಹೋಳಿಗೆ ಇತ್ತು, ತುಪ್ಪ ಕಡಿಮೆ.

ಈಗ ತಿಪ್ಪೇರುದ್ರಪ್ಪನವರು ಸಂಜೆಯ ಹೊತ್ತು ಮಹಡಿಯಲ್ಲಿರುತ್ತಾರೆ. ಇಂಜಿನ್ ಚಾಲೂ ಮಾಡಿ, ಗೇರು ಹಾಕಿ ತೆಗೆದು, ತಿರುವು ಬಂದರೆ ಕೈ ತೋರಿಸುತ್ತಾರೆ. ಯಾರಾದರೂ ಬಂದು ಯಜಮಾನರಿದ್ದಾರೆಯೇ ಎಂದು ಕೇಳಿದರೆ ಸುವರ್ಣಮ್ಮನವರು ಅಡುಗೆಮನೆಯಿಂದಲೇ, "ಮ್ಯಾಲದಾರ. ಹಾರನ್ ಹೊಡದ ಮ್ಯಾಲೆ ಹತ್ತ್ರಿ," ಎನ್ನುತ್ತಾರೆ. ಬಂದವರು ಚಪ್ಪಲಿಯನ್ನು ಏಣಿಯ ಬುಡದಲ್ಲಿ ಬಿಟ್ಟು, ಹಾರನ್ನಿಗೆ ಕಾಯುತ್ತಾರೆ.