ಅಳಿಯನ ಆಯಿಲ್ ಫಿಲ್ಟರ್

ಗಂಡ: ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ನನ್ನದು ಸ್ಪೋರ್ಟ್ಸ್ ಕಾರು! ಸ್ಪೋರ್ಟ್ಸ್!

ಅಂಗಡಿಯವ: ಕಾರು ಸ್ಪೋರ್ಟ್ಸೇ ಇರಬಹುದು ಸಾರ್, ನಾನೇನೂ ಬೇಡ ಅನ್ನಲಿಲ್ಲ. ಆದರೆ ನೀವು ಕಿತ್ಕೊಂಡು ಬಂದಿರೋ ಈ ಹಳೇ ಫಿಲ್ಟರ್ ಸಂಸಾರಸ್ಥರ ಕಾರಿಂದು.

ಹೆಂಡತಿ: ಇವರೂ ಸಂಸಾರಸ್ಥರೇ. ಯಾವುದೋ ಒಂದು ಕೊಟ್ಟುಬಿಡಿ, ಮನೆಗೆ ಹೋಗೋಣ.

ಕಾರಿನ ಬಿಡಿಭಾಗಗಳ ಅಂಗಡಿ. ಕೌಂಟರಿನ ಮೇಲೆ ಹಾಸಿದ ಹಳೇ ಪೇಪರಿನಲ್ಲಿ ಆ ಗಿಡ್ಡ ಡಬ್ಬಿಯಂಥ ಫಿಲ್ಟರು ಕರ್ರಗೆ ಎಣ್ಣೆ ಸುರಿಸುತ್ತ ಕೂತಿತ್ತು. ಗಂಡನೂ ಕತ್ತಿನಿಂದ ಬೆರಳ ತುದಿವರೆಗೆ ಅದೇ ಬಣ್ಣ. ಹೆಂಡತಿ ತನ್ನ ಬಟ್ಟೆಗೆಲ್ಲಿ ತಾಗೀತೋ ಎಂದು ದೂರ ಸರಿದು ನಿಂತಿದ್ದಳು. ಕಟ್ಟಿಕೊಂಡವಳೇ ಹೀಗೆ ದೂರ ನಿಂತರೆ ಅಂಗಡಿಯವನಾದರೂ ಎಷ್ಟು ಮರ್ಯಾದೆ ಕೊಟ್ಟಾನು!

ಅಂಗಡಿಯವ: ನೋಡಿ ಸಾರ್, ನೀವು ಹೇಳಿದ ಕಾರಿಗೆ ಬರೋದು ಈ ಉದ್ದದ್ದು. ನೀವು ತಂದಿರೋದು ಗಿಡ್ಡದ್ದು. ಇದು ಕೂರೋ ಕಡೆ ಅದು ಕೂರಲ್ಲ.

ಗಂಡ: ಹಾಗಾದ್ರೆ ಉದ್ದದ್ದೇ ಕೊಡಿ. ಜೋರಾಗಿ ಓಡೋ ಕಾರು, ದೊಡ್ಡದೇ ಇರಲಿ.

ಹೆಂಡತಿ: ಕಿತ್ತಿದ್ದು ಗಿಡ್ಡದ್ದು, ಹಾಕೋದು ಉದ್ದದ್ದಾ? ನಿಮ್ಮ ಚಪ್ಪಲಿನೂ ಹೀಗೇ ತಗೊಳ್ತೀರಾ?

ಗಂಡ: ನೀನು ಸುಮ್ನಿರೇ! ಸಂಜೆಯೊಳಗೆ ಹಾಕದಿದ್ರೆ ನನ್ನ ಕಾರು ಹೋಗುತ್ತೆ.

ಅಂಗಡಿಯವ: ಯಾರ್ ಸಾರ್ ತಗೊಂಡು ಹೋಗೋರು?

ಹೆಂಡತಿ: ಯಾರೂ ಇಲ್ಲ, ನಮ್ಮಪ್ಪನ ಹತ್ರ ಪಂದ್ಯ ಕಟ್ಟಿದಾರೆ. ಯಾರ ಸಹಾಯನೂ ಇಲ್ಲದೆ ಇವರೇ ಕೈಯಾರೆ ಫಿಲ್ಟರ್ ಬದಲಾಯಿಸಿದ್ರೆ ಆ ಕಾರು ಮನೇಲಿರುತ್ತೆ. ಆಗದಿದ್ರೆ ಮಾರಿಬಿಡಬೇಕು.

ಗಂಡ: ನಿಮ್ಮಪ್ಪ ಅಂದಿದ್ದೇನು? 'ಅಳಿಯಂದ್ರ ಕೈಲಿ ಒಂದು ಬಲ್ಬ್ ಹಾಕೋಕಾಗಲ್ಲ' ಅಂತ! ಅದೂ ಬಂದ ನೆಂಟರ ಮುಂದೆ! ಹೊಟ್ಟೆ ಉರಿಯಲ್ವೇನೇ?

ಹೆಂಡತಿ: ಸುಳ್ಳೇನಲ್ಲವಲ್ಲ. ಹೋದ ಸಲ ಸ್ಟೂಲ್ ಹಿಡ್ಕೊಂಡಿದ್ದು ನೀವು, ಮೇಲೆ ಹತ್ತಿದ್ದು ನಾನು.

ಅಂಗಡಿಯವ ನಗು ತಡೆಯಲಾರದೆ ಫಿಲ್ಟರನ್ನು ಎತ್ತಿ ಬೆಳಕಿಗೆ ಹಿಡಿದ.

ಅಂಗಡಿಯವ: ಸೆಕೆಂಡ್ ಹ್ಯಾಂಡ್ ಕಾರಾ ಸಾರ್? ಬೇಜಾರು ಮಾಡ್ಕೋಬೇಡಿ, ಒಂದೊಂದ್ಸಲ ಒಳಗಿನ ಇಂಜಿನ್ನೇ ಬದಲಾಯಿಸಿ ಮಾರಿಬಿಡ್ತಾರೆ. ಮೇಲೆ ಹುಲಿ, ಒಳಗೆ ಎಮ್ಮೆ.

ಗಂಡ: ಅಯ್ಯಯ್ಯೋ! ನನಗೆ ಕಾರು ಮಾರಿದ ಆ ಹಲ್ಲಿನ ಡಾಕ್ಟ್ರು! ನಗ್ತಾ ನಗ್ತಾ ಕೈಗೆ ಬೀಗದ ಕೈ ಕೊಟ್ಟಾಗಲೇ ಗೊತ್ತಾಗಬೇಕಿತ್ತು!

ಅಲ್ಲೇ ಫೋನ್ ಹಚ್ಚಿದ.

ಗಂಡ: ಡಾಕ್ಟ್ರೇ! ಕಾರಿನ ಇಂಜಿನ್ ಕಿತ್ತು ಬೇರೆ ಕೂರಿಸಿದೀರಾ?... ಏನಂದ್ರಿ, ಹಲ್ಲು ಬಿಟ್ರೆ ಬೇರೇನೂ ಕೀಳಲ್ವಾ?... ಬಾಯಿ ಮುಚ್ಚಬೇಕಾ? ನಾನಾ?... ಹಲೋ! ಹಲೋ!... ಇಟ್ಟೇಬಿಟ್ಟ, ಕಳ್ಳ!

ಹೆಂಡತಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಆ ಮನುಷ್ಯನ್ನ ಯಾಕ್ರೀ ಬೈತೀರಾ? ಅದಿರಲಿ, ನೀವು ಕಾರಿನಡಿ ಹೋಗಿದ್ದು ಹೇಗೆ?

ಗಂಡ: ಹೇಗೆ ಅಂದ್ರೆ? ಅಂಗಾತ ಮಲಗಿದೆ, ಒಳಕ್ಕೆ ಜಾರಿದೆ.

ಹೆಂಡತಿ: ಜಾಕ್ ಕೊಟ್ಟು ಕಾರು ಎತ್ತಿದ್ರಾ?

ಗಂಡ: ಜಾಕೂ ಇಲ್ಲ ಗೀಕೂ ಇಲ್ಲ. ಸಲೀಸಾಗಿ ಹೋದೆ.

ಹೆಂಡತಿ: ರೀ, ಆ ಕಾರು ನೆಲಕ್ಕೆ ಅಂಟ್ಕೊಂಡಿರುತ್ತೆ. ನಮ್ಮನೆ ಬೆಕ್ಕೇ ಅದರಡಿ ತೆವಳ್ಕೊಂಡು ಹೋಗೋದು. ಈ ಹೊಟ್ಟೆ ಸಲೀಸಾಗಿ ಹೋಯ್ತಾ?

ಗಂಡ: ಉಸಿರು ಬಿಗಿಹಿಡಿದಿದ್ದೆ.

ಅಂಗಡಿಯವ ಕೌಂಟರಿನ ಮೇಲಿಂದ ಬಗ್ಗಿ ಆ ಹೊಟ್ಟೆಯನ್ನು ಒಮ್ಮೆ ಶ್ರದ್ಧೆಯಿಂದ ನೋಡಿದ.

ಅಂಗಡಿಯವ: ಆಗಲ್ಲ ಸಾರ್. ಉಸಿರೇ ನಿಂತರೂ ಆಗಲ್ಲ.

ಹೆಂಡತಿ: ಶೆಡ್ಡಲ್ಲಿ ಎರಡು ಕಾರು ನಿಂತಿದ್ವು. ನಿಮ್ಮದೊಂದು, ಅಪ್ಪಂದೊಂದು. ನೀವು ಮಲಗಿದ್ದೆಲ್ಲಿ?

ಗಂಡ: ಎರಡರ ಮಧ್ಯೆ. ಗೋಡೆ ಕಡೆಗೆ ತಲೆ. ಎಣ್ಣೆ ಹಾರುತ್ತೆ ಅಂತ ಕನ್ನಡಕ ತೆಗೆದಿಟ್ಟಿದ್ದೆ. ಆದರೆ ನಾನೇನು ದಡ್ಡನಾ? ಮಲಗೋ ಮುಂಚೆ ಗೋಡೆ ಕಡೆ ಮುಖ ಮಾಡಿ ನಿಂತು ಗುರುತು ಇಟ್ಕೊಂಡೆ, ನನ್ನ ಕಾರು ಎಡಕ್ಕಿದೆ ಅಂತ. ಮಲಗಿದ ಮೇಲೆ ಎಡಕ್ಕೇ ಜಾರಿದೆ.

ಹೆಂಡತಿ: ಗೋಡೆ ಕಡೆ ಮುಖ ಮಾಡಿ ನಿಂತಾಗ ಎಡಕ್ಕೆ. ಗೋಡೆ ಕಡೆ ತಲೆ ಇಟ್ಟು ಅಂಗಾತ ಮಲಗಿದಾಗಲೂ ಎಡಕ್ಕೆ.

ಗಂಡ: ಹೂಂ, ಎರಡು ಸಲನೂ ಎಡಕ್ಕೇ. ತಪ್ಪೇನು?

ಅಂಗಡಿಯವ ಎರಡು ಕೈ ಅಗಲಿಸಿ ಗೋಡೆ ಕಡೆ ಮುಖ ಮಾಡಿದ, ಆಮೇಲೆ ಗೋಡೆಗೆ ಬೆನ್ನು ತಿರುಗಿಸಿ ಮೆಲ್ಲಗೆ ಹಿಂದಕ್ಕೆ ವಾಲಿ ಲೆಕ್ಕ ಹಾಕಿದ. ಗಂಡನೂ ಹಾಗೇ ವಾಲಿದ. ಅರ್ಧ ವಾಲಿದವನು ಅಲ್ಲೇ ನಿಂತುಬಿಟ್ಟ.

ಗಂಡ: ಅಯ್ಯೋ ದೇವರೇ, ಮಲಗಿದಾಗ ಎಡ ಬಲ ಅದಲು ಬದಲು! ನಾನು ನುಗ್ಗಿದ್ದು ಮಾವನ ಕಾರಿನಡಿ!

ಅಂಗಡಿಯವ: ಹಳೇ ಮಾಡೆಲ್ಲಾ? ನಾಲ್ಕು ಬಾಗಿಲಿಂದಾ? ಹಂಗಾದ್ರೆ ಈ ಗಿಡ್ಡ ಫಿಲ್ಟರ್ ಅದರದ್ದೇ! ಸಾರ್, ಅವರು ಈಗ ಕಾರು ಸ್ಟಾರ್ಟ್ ಮಾಡಿದ್ರೆ ಇರೋಬರೋ ಎಣ್ಣೆಯೆಲ್ಲ ಸುರಿದು ಇಂಜಿನ್ ಹಿಡ್ಕೊಂಡು ಕೆಟ್ಟೇಹೋಗುತ್ತೆ!

ಹೆಂಡತಿ: ಅಪ್ಪ ಇಸ್ಪೀಟಿಗೆ ಹೊರಡೋ ಹೊತ್ತು ಇದೇ!

ಗಂಡ: ಫೋನ್ ಮಾಡೇ, ನಿನ್ನ ದಮ್ಮಯ್ಯ! ನನ್ನ ಕಾರು ಹೋದ್ರೆ ಹೋಯ್ತು. ಮಾವನ ಕಾರಿಗೇನಾದ್ರೂ ಆದ್ರೆ ನಾನು ಮನೆಗೇ ಬರಲ್ಲ!

ಹೆಂಡತಿ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ಕೌಂಟರಿನ ಮೇಲಿಟ್ಟಳು. ಗಂಡ ಫೋನಿಗೇ ಕೈ ಮುಗಿದು ನಿಂತ.

ಮಾವ: ಏನಮ್ಮಾ? ಈಗಷ್ಟೇ ಹೊರಟೆ, ಕಾರಲ್ಲಿ ಕೂತಿದೀನಿ.

ಹೆಂಡತಿ: ಅಪ್ಪಾ, ಇಳಿ! ಸ್ಟಾರ್ಟ್ ಮಾಡ್ಬೇಡ! ಅದರ ಫಿಲ್ಟರ್ ಕಿತ್ತಿದಾರೆ!

ಮಾವ: ಆಂ? ನನ್ನ ಕಾರು ಮುಟ್ಟಿದ್ದು ಯಾರು?

ಹೆಂಡತಿ: ನಿನ್ನ ಅಳಿಯ.

ಮಾವ: ಅವರಿಗೇನು ಬಂತು? ಪಂದ್ಯ ಇದ್ದಿದ್ದು ಅವರ ಕಾರಿಗೆ!

ಗಂಡ ಕಣ್ಣು ಮುಚ್ಚಿಕೊಂಡ. ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನೋಡಿದಷ್ಟೂ ಪಾಪ ಅನ್ನಿಸಿತು.

ಹೆಂಡತಿ: ನಾನೂ ಅದನ್ನೇ ಕೇಳ್ದೆ ಅಪ್ಪಾ. 'ಮೊದಲು ಹಿರಿಯರ ಕಾರು, ಆಮೇಲೆ ನಂದು' ಅಂದ್ರು. ನಿಂಗೆ ಹೊಸ ಫಿಲ್ಟರ್ ತರೋಕೆ ಅಂಗಡಿಗೆ ಬಂದಿದೀವಿ.

ಆ ಕಡೆಯ ದನಿ ಮೆತ್ತಗಾಯಿತು.

ಮಾವ: ಹಾಗಂದ್ರಾ?... ನೋಡು, ಸುಮ್ಮಸುಮ್ಮನೆ ನಾಲ್ಕು ಜನರ ಮುಂದೆ ಆಡ್ಕೊಂಡುಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ ಅನ್ನು. ಪಂದ್ಯ ಗಿಂದ್ಯ ಎಲ್ಲ ಬೇಡ, ಅವರ ಕಾರು ಅವರಿಗೇ ಇರಲಿ.

ಫೋನ್ ಕಟ್ಟಾಯಿತು. ಗಂಡನ ಕಣ್ಣಲ್ಲಿ ನೀರು. ಒರೆಸಿಕೊಳ್ಳಲು ಹೋಗಿ ಮುಖಕ್ಕೂ ಮಸಿ ಬಳಿದುಕೊಂಡ.

ಗಂಡ: ನೀನು ಹೆಂಡತಿಯಲ್ಲ ಕಣೇ, ದೇವತೆ! ನಿನ್ನ ಋಣ ಹೇಗೆ ತೀರಿಸಲಿ?

ಹೆಂಡತಿ: ಸುಲಭ. ಬೀಗದ ಕೈ ಕೊಡಿ.

ಗಂಡ: ಮನೆದಾ?

ಹೆಂಡತಿ: ಸ್ಪೋರ್ಟ್ಸ್ ಕಾರಿಂದು. ಅದನ್ನ ಉಳಿಸಿದ್ದು ಯಾರು?

ಗಂಡ: ನೀನು...

ಹೆಂಡತಿ: ಹಾಗಾದ್ರೆ ಕಾರು ಯಾರದ್ದು? ಕೊಡಲ್ಲ ಅಂದ್ರೆ ಹೇಳಿ, ಅಪ್ಪನಿಗೆ ಇನ್ನೊಂದ್ಸಲ ಫೋನ್ ಮಾಡ್ತೀನಿ.

ಗಂಡ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದುಕೊಟ್ಟ. ಹೆಂಡತಿ ಬೀಗದ ಕೈಯನ್ನು ಕರವಸ್ತ್ರದಲ್ಲಿ ಚೆನ್ನಾಗಿ ಒರೆಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅಂಗಡಿಯವ ಗಿಡ್ಡದ್ದನ್ನೂ ಉದ್ದದ್ದನ್ನೂ ಕವರಿಗೆ ತುಂಬಿದ.

ಅಂಗಡಿಯವ: ಬಿಲ್ಲು ಯಾರ ಹೆಸರಿಗೆ ಬರೀಲಿ ಅಮ್ಮಾ?

ಹೆಂಡತಿ: ಬಿಲ್ಲು ಅವರ ಹೆಸರಿಗೇ ಇರಲಿ. ಕಾರಷ್ಟೇ ನಂದು.