ನಾಲೊಂಗೊ ಒಳಗೆ ಹೋಗಿ ನೋಡಿದ ಸಿನಿಮಾ

ಅವತ್ತಿನ ಜಗಳ ಒದ್ದೆ ಟವೆಲಿನದು. (ಹಿಂದಿನ ದಿನದ್ದೂ ಅದರದ್ದೇ.)

ನಾಲೊಂಗೊ ಚಹಾದ ಲೋಟ ಹಿಡಿದು ಗಂಡನ ಮುಂದೆ ಮಂಡಿಯೂರಿದಳು. ಗಂಡನಿಗೆ ಏನು ಕೊಟ್ಟರೂ ಮಂಡಿಯೂರಿಯೇ ಕೊಡಬೇಕು ಎಂದು ತಾಯಿ ಕಲಿಸಿದ್ದಳು. ಮಂಡಿಯೂರಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಕಲಿಸಿರಲಿಲ್ಲ.

"ತಗೊಳ್ಳಿ ಸಾಲೊಂಗೊ, ಚಹಾ. ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೆ ಎಸೆದಿದ್ದೀರಿ. ಅಲ್ಲೇನು ಬಾಳೆ ನೆಡ್ತೀರಾ?"

"ಗೊನೆ ಬಿಟ್ರೆ ನಿನಗೇ ಲಾಭ," ಎಂದ ಸಾಲೊಂಗೊ.

ಅವಳಿ ಮಕ್ಕಳನ್ನು ಹೆತ್ತವರನ್ನು ಕಂಪಾಲಾ ಕಡೆ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಪ್ಪ ಸಾಲೊಂಗೊ, ಅಮ್ಮ ನಾಲೊಂಗೊ. ಅವಳಿ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ದೂರದ ಮಸಾಕಾ ಊರು ಸೇರಿದ್ದರು. ಬಿರುದುಗಳು ಮಾತ್ರ ಕಂಪಾಲಾದಲ್ಲೇ ಉಳಿದಿದ್ದವು.

ಸಾಲೊಂಗೊನ ಉದ್ಯೋಗ ಬೀದಿ ಕೊನೆಯ ವಿಡಿಯೋ ಹಾಲಿನಲ್ಲಿ. ತಗಡಿನ ಸೂರು, ಮರದ ಬೆಂಚು, ಪರದೇಶದ ಸಿನಿಮಾ. ಆ ಭಾಷೆ ಅಲ್ಲಿ ಯಾರಿಗೂ ಬಾರದು. ಆದ್ದರಿಂದ ಸಾಲೊಂಗೊ ಮೈಕು ಹಿಡಿದು ನಾಯಕ, ನಾಯಕಿ, ಕಳ್ಳ, ಕುದುರೆ ಎಲ್ಲರ ಮಾತನ್ನೂ ಲುಗಾಂಡಾದಲ್ಲಿ ತಾನೇ ಆಡುತ್ತಿದ್ದ. ಬೆಳಿಗ್ಗೆ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಅಂದಿನ ಚಿತ್ರಗಳ ವಿಮರ್ಶೆ ಬರೆಯುವ ಮಹತ್ಕಾರ್ಯವೂ ಅವನದೇ.

ಆ ಬಾಗಿಲ ಪಕ್ಕದಲ್ಲೇ ನಾಲೊಂಗೊ ಮರಗೆಣಸು ಕರಿದು ಮಾರುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಆ ಗಂಡಸು ಕೂಗಾಡುವುದನ್ನು ಕೇಳಲು ಕತ್ತಲಲ್ಲಿ ಹೋಗಿ ಕೂರಬೇಕೆ? ಅವಳಿಗೆ ಮನೆಯಲ್ಲೇ ಪುಕ್ಕಟೆ.

ಅವತ್ತು ಅವನು ಬರೆದದ್ದನ್ನು ಅಕ್ಷರ ಕೂಡಿಸಿಕೊಂಡು ಓದಿದಳು.

ನಗೆ ಚಿತ್ರ: ಹಲ್ಲಿಲ್ಲದವರೂ ಬರಬಹುದು.

ಹಾಡುಗಾರರನ್ನು ಅಣಕಿಸುವ ಚಿತ್ರ: ಅಸಲಿಗಿಂತ ಅಣಕವೇ ಶ್ರುತಿಯಲ್ಲಿದೆ.

ಘೋರ ದುರಂತ: ಬಹಳ ಜನ ಸಾಯುತ್ತಾರೆ. ಕಣ್ಣೊರೆಸಲು ನಾಲೊಂಗೊಳ ಎಣ್ಣೆಬಟ್ಟೆ ಸಿಗುತ್ತದೆ.

"ನಾಚಿಕೆ ಆಗಲ್ವಾ ಸಾಲೊಂಗೊ? ಜನ ನಗ್ತಿದ್ದಾರೆ ನೋಡಿ!"

"ನಗಲಿ ಬಿಡು ನಾಲೊಂಗೊ." ಇದು ಅವನ ಖಾಯಂ ಉತ್ತರ. ಆಮೇಲೆ ಮೆತ್ತಗೆ ಹೇಳಿದ, "ಇವತ್ತಾದ್ರೂ ಒಳಗೆ ಬಾ. ದುರಂತ ಚೆನ್ನಾಗಿದೆ."

"ನನ್ನ ದುರಂತ ಮನೇಲೇ ಇದೆ. ಎಣ್ಣೆ ಕಾದಿದೆ, ಹೋಗಿ. ನಾಳೆ ನೋಡೋಣ."

ಅವನು ಹೋದ. ಬಾಡಿಗೆ ಬೈಕು ಓಡಿಸುವ ಕಿಬೂಕ ಬಂದು ಗೆಣಸು ಕಚ್ಚಿ, "ನಾಲೊಂಗೊ, ಉಪ್ಪೇ ಇಲ್ಲ!" ಎಂದ.

"ಉಪ್ಪು ಇದೆ, ನಿನ್ನ ನಾಲಿಗೆ ಸತ್ತಿದೆ. ಅದನ್ನ ಮೊದಲು ಹೂಳು, ಆಮೇಲೆ ಊಟಕ್ಕೆ ಬಾ!"

ಕಿಬೂಕನ ಗೆಳೆಯರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. (ಉಪ್ಪು ಸರಿಯಾಗಿಯೇ ಇತ್ತು. ಆದರೂ ದಿನಾ ಯಾರಾದರೊಬ್ಬರು ಹೀಗೆ ಕೆಣಕುತ್ತಿದ್ದರು. ಯಾಕೆಂದು ಅವಳಿಗೆ ತಿಳಿದಿರಲಿಲ್ಲ.)

ನಾಳೆ ಬಂತು. ಸಾಲೊಂಗೊ ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಅವತ್ತು ಹಾಸಿಗೆ ಒಣಗಿತ್ತು.

ಮಣ್ಣು ಮಾಡಿದ್ದಾಯಿತು, ಕರ್ಮಗಳೂ ಮುಗಿದವು. ಮಕ್ಕಳು ವಾಪಸು ಹೋದರು. ನಾಲೊಂಗೊ ಮತ್ತೆ ಬಾಣಲೆ ಇಟ್ಟಳು. ಈಗ ಯಾರೂ ಉಪ್ಪಿನ ಮಾತೆತ್ತಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಿಂದರು. ಅವಳಿಗೆ ಅದೇ ಹೆಚ್ಚು ಸಂಕಟವಾಯಿತು.

ವಿಡಿಯೋ ಹಾಲಿನ ಮಾಲೀಕ ಲುಬೋವಾ ಬಂದು, "ಹೊಸ ಮಾತುಗಾರ ಇನ್ನೂ ಬಂದಿಲ್ಲಮ್ಮ. ಸಾಲೊಂಗೊ ದನಿ ತುಂಬಿಸಿಟ್ಟ ದುರಂತ ಒಂದಿದೆ, ಅದನ್ನೇ ಹಾಕ್ತೀನಿ. ಬರ್ತೀಯಾ?" ಎಂದ.

ಅವಳು ಒಲೆ ಆರಿಸಿದಳು. ಆ ದನಿಯನ್ನು ಒಂದು ಸಲ ಕೇಳಿದರೆ ಸಾಕಿತ್ತು. ಒಗೆದ ಕರವಸ್ತ್ರ ಹಿಡಿದು, ವಿಧವೆಯೊಬ್ಬಳು ಅಳಬೇಕಾದಷ್ಟು ಗಾಂಭೀರ್ಯದಿಂದ ಅಳಲು ಸಿದ್ಧಳಾಗಿ ಒಳಗೆ ಹೋದಳು. ಜನ ಎದ್ದು ಮುಂದಿನ ಬೆಂಚು ಬಿಟ್ಟುಕೊಟ್ಟರು.

ದನಿ ಬಂತು. ಅವಳು ಕರವಸ್ತ್ರದ ಮಡಿಕೆ ಬಿಡಿಸಿದಳು.

ಪರದೆಯ ಮೇಲೆ ಚಿನ್ನದ ಕೂದಲಿನ ಹೆಂಗಸೊಬ್ಬಳು ಗಂಡನ ಹೆಣದ ಮುಂದೆ ನಿಂತಿದ್ದಳು. ಕಣ್ಣಲ್ಲಿ ಧಾರಾಕಾರ ನೀರು. ತುಟಿ ತೆರೆದಳು. ಸಾಲೊಂಗೊ ದನಿ ಸಣ್ಣ ಮಾಡಿ ಅವಳ ಮಾತು ಆಡಿದ: "ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೆ! ಅಲ್ಲೇನು ಬಾಳೆ ನೆಡ್ತೀರಾ?"

ಹಾಲಿಗೆ ಹಾಲೇ ಆ ಮಾತನ್ನು ಅವನ ಜೊತೆಗೇ ಹೇಳಿತು. ಕಿಬೂಕ ಎಲ್ಲರಿಗಿಂತ ಜೋರಾಗಿ. ಎಲ್ಲರಿಗೂ ಬಾಯಿಪಾಠ.

ನಾಲೊಂಗೊಗೆ ಆಗ ತಿಳಿಯಿತು. ಇಷ್ಟು ವರ್ಷ ರಾಣಿ, ಕೊಲೆಗಾತಿ, ಹಾಡುಗಾರ್ತಿ ಎಲ್ಲರೂ ಈ ಹಾಲಿನಲ್ಲಿ ಅವಳ ಬೈಗುಳವನ್ನೇ ಬೈದಿದ್ದರು. ಜನ ಹೊರಗೆ ಬಂದು ಗೆಣಸಿನ ನೆಪದಲ್ಲಿ ಅಸಲಿಯನ್ನು ಕೇಳಿ ಹೋಗುತ್ತಿದ್ದರು.

ಅಳುವ ಗಾಂಭೀರ್ಯವೆಲ್ಲ ಗಾಳಿಗೆ ಹೋಯಿತು. ಎದ್ದು ನಿಂತು ಪರದೆಗೆ ಬೆರಳು ತೋರಿಸಿದಳು. "ನಾಚಿಕೆ ಆಗಲ್ವಾ ಸಾಲೊಂಗೊ? ಜನ ನಗ್ತಿದ್ದಾರೆ ನೋಡಿ!"

ಪರದೆಯ ಹೆಂಗಸೂ ಬೆರಳು ತೋರಿಸಿದಳು. "ನಾಚಿಕೆ ಆಗಲ್ವಾ ಸಾಲೊಂಗೊ? ಜನ ನಗ್ತಿದ್ದಾರೆ ನೋಡಿ!"

ಬೆಂಚುಗಳು ಉರುಳುವಷ್ಟು ನಗೆ.

ಆಗ ಹೆಣ ತುಟಿ ಅಲ್ಲಾಡಿಸದೆ, ಸಾಲೊಂಗೊನ ಸ್ವಂತ ದನಿಯಲ್ಲಿ ಹೇಳಿತು: "ನಗಲಿ ಬಿಡು ನಾಲೊಂಗೊ."

ಅವಳು ನಿಂತೇ ಇದ್ದಳು. ಇನ್ನೊಂದು ಮಾತು ಆಡಬಹುದೆಂದು ಕಾದಳು. ಹೆಣದ ಮೇಲೆ ಪೆಟ್ಟಿಗೆಯ ಮುಚ್ಚಳ ಬಿತ್ತು. ಹಿಂದಿನಿಂದ ಯಾರೋ ಕೂಗಿದರು, "ಕೂತ್ಕೊಳ್ಳಮ್ಮ, ಕಾಣ್ತಿಲ್ಲ!" ಕೂತಳು. ನಾಳೆ ನೋಡೋಣ ಎಂದಿದ್ದಳಲ್ಲ, ನೋಡಿದಳು.

ಮರುದಿನ ಲುಬೋವಾ ಬರುವ ಹೊತ್ತಿಗೆ ಹಲಗೆಯ ಮೇಲೆ ಸೊಟ್ಟ ಅಕ್ಷರಗಳಿದ್ದವು. "ದುರಂತ: ಹೆಂಡತಿ ಬಹಳ ಬೈತಾಳೆ. ಗಂಡ ಬೇಗ ಸತ್ತ. ಕರೆದಾಗಲೇ ಹೋಗಿ ನೋಡಿ."

ಹೊಸ ಮಾತುಗಾರ ಬಂದ. ಮೈಕು ಅವನಿಗೆ ಕೊಟ್ಟರು. ಹಲಗೆಯನ್ನು ನಾಲೊಂಗೊ ಕೊಡಲಿಲ್ಲ. ಈಗಲೂ ದಿನಾ ಬೆಳಿಗ್ಗೆ ಸಾಲೊಂಗೊನ ಟವೆಲ್ ಒದ್ದೆ ಮಾಡಿ ಹಲಗೆ ಒರೆಸುತ್ತಾಳೆ, ಬರೆಯುತ್ತಾಳೆ. ಮನೆಗೆ ಬಂದು ಟವೆಲನ್ನು ಹಾಸಿಗೆ ಮೇಲೆ ಎಸೆಯುತ್ತಾಳೆ. ಆಮೇಲೆ ಬಾಯಿ ತುಂಬ ಬೈದು, ಎತ್ತಿ, ಹಗ್ಗದ ಮೇಲೆ ಹರವುತ್ತಾಳೆ.