ನೆಲದ ಪಂಕ್ತಿಗಾಗಿ ಒಂದು ಆಪರೇಷನ್

ಆಪರೇಷನ್‌ಗೆ ಬರುವವರು ಹೊಟ್ಟೆಯೊಂದನ್ನೇ ತರುವುದಿಲ್ಲ. ಮನೆಮಂದಿಯನ್ನೂ ಮನೆಯ ಗುಟ್ಟುಗಳನ್ನೂ ಜೊತೆಗೆ ತರುತ್ತಾರೆ. ಹಾಗಾಗಿ ನಾನು ಮೇಟ್ರನ್ ಆಗಿರುವ ನಂಜನಗೂಡಿನ ಆಸ್ಪತ್ರೆಯಲ್ಲಿ ನಗು ತಡೆದುಕೊಳ್ಳಬೇಕಾಗದ ವಾರವೇ ಇಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ರೋಗಿಗಳ ಎದುರು ಹಲ್ಲು ಕಿಸಿಯುವವಳಲ್ಲ. ಹೆಮ್ಮರಗಾಲದಿಂದ ಬಂದ ಒಬ್ಬ ಗೃಹಿಣಿ ಮಾತ್ರ ನನ್ನ ಈ ಶಿಸ್ತನ್ನು ಬಹಳ ಪರೀಕ್ಷಿಸಿದರು.

ಕಂಬ

ಆಕೆಗೆ ಐವತ್ತರ ಆಸುಪಾಸು. ತೂಕ ಇಳಿಸುವ ಆಪರೇಷನ್ ಬೇಕೆಂದು ಗಂಡ, ಅತ್ತೆಯ ಜೊತೆ ಬಂದಿದ್ದರು.

"ಯಾಕಮ್ಮಾ? ಸಕ್ಕರೆ ಕಾಯಿಲೆಯೋ, ಮಂಡಿನೋವೋ?" ಎಂದು ನಮ್ಮ ಸರ್ಜನ್ ಕೇಳಿದರು.

"ಎರಡೂ ಅವೆ ಸಾ. ಅದಕ್ಕಲ್ಲ. ಎಲ್ರ ಜೊತೆ ನೆಲದ ಮ್ಯಾಲೆ ಕೂತು ಉಣ್ಣಬೇಕು."

ಅವರ ಮನೆತನದ ಶುಭಕಾರ್ಯಗಳಲ್ಲಿ ಇವತ್ತಿಗೂ ನೆಲದ ಪಂಕ್ತಿಯೇ. ವಾರಗಿತ್ತಿಯರು, ನಾದಿನಿಯರು ಸಾಲಾಗಿ ಕೂತು ಹರಟುತ್ತ ಉಣ್ಣುವಾಗ ಈಕೆಗೆ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಮುರಿಯದಿರಲೆಂದು ಒಂದರೊಳಗೊಂದು ಎರಡು. ಎಲೆ ಮುಂದಿನ ಸ್ಟೂಲಿನ ಮೇಲೆ.

"ಕುರ್ಚಿಯಲ್ಲೂ ಊಟ ಊಟವೇ ತಾನೇ?" ಎಂದೆ.

"ಬಡಿಸೋನು ಬಗ್ಗಿಕಂಡು ಬತ್ತಾನೆ ಮೇಡಂ. ಅವನಿಗೆ ಕಾಣೋದು ನನ್ ಕಾಲು ಮಾತ್ರ. ಕಂಬ ಅನ್ಕಂಡು ಪಾಯಸ ತಕ್ಕಂಡು ಮುಂದಕ್ಕೋಯ್ತಾನೆ."

ಬಲಗಡೆಯ ಗಾಯ

ಇಂಥ ಆಪರೇಷನ್‌ಗೆ ಮೊದಲು ಹೊಟ್ಟೆಯ ಹಳೆಯ ಆಪರೇಷನ್‌ಗಳೆಲ್ಲ ಗೊತ್ತಿರಬೇಕು. ಹಿಂದೆ ಕೊಯ್ದ ಕಡೆ ಕರುಳು ಒಳಗೇ ಅಂಟಿಕೊಂಡಿರುತ್ತದೆ. ಕೇಳಿದ್ದಕ್ಕೆ ಆಕೆ, ಎರಡು ಸಿಸೇರಿಯನ್, ಒಂದು ಹೊಕ್ಕುಳ ಹರ್ನಿಯಾ, ಅಷ್ಟೇ ಅಂದರು.

ಪರದೆ ಎಳೆದು ನಾನು ನೋಡಿದರೆ ಬಲಗಡೆ ಕೆಳಗೆ ಇನ್ನೊಂದು ಹಳೆಯ ಗಾಯದ ಗುರುತು.

"ಇದು?"

ಆಕೆ ಪರದೆಯ ಕಡೆ ಕಣ್ಣು ತಿರುಗಿಸಿ, "ಮೆತ್ತಗೆ ಮಾತಾಡಿ ಮೇಡಂ. ಮದ್ವೆಗೆ ಮುಂಚೆ ಅಪೆಂಡಿಕ್ಸ್ ಆಗಿತ್ತು. ಹೊಟ್ಟೆ ಕೊಯ್ಸಿದ ಹುಡುಗಿ ಅಂದ್ರೆ ಯಾರೂ ಒಪ್ಪಲ್ಲ ಅಂತ ನಮ್ಮವ್ವ ಮುಚ್ಚಿಟ್ಟಿದ್ಲು. ಅತ್ತೆಗೆ ಈಗ್ಲೂ ಗೊತ್ತಿಲ್ಲ," ಎಂದರು.

ಅತ್ತೆಯ ಕಿವಿಗೆ ಬೀಳದಂತೆ ನಾನೇ ಸರ್ಜನ್‌ಗೆ ತಿಳಿಸಿ ಬಂದೆ. ಹೊರಗೆ ಬೆಂಚಿನ ಮೇಲಿದ್ದ ಮುದುಕಿ ನನ್ನ ಸೆರಗು ಹಿಡಿದು ಕೇಳಿದರು: "ಬಲಗಡೆ ಗಾಯದ ಇಸ್ಯ ಡಾಕ್ಟ್ರಿಗೆ ಯೋಳಿದ್ಲೇನವ್ವ?"

"ನಿಮಗೆ ಗೊತ್ತೇ?"

"ಮದ್ವೆ ಆದ ವರ್ಷವೇ ಗೊತ್ತು. ಅವಳೇ ಯೋಳ್ಲಿ ಅಂತ ಸುಮ್ಕಿವ್ನಿ."

ಕೆರೆಯೋ ಕಾಲುವೆಯೋ

ಗಂಡ ಭತ್ತ ಬೆಳೆಯುವವರು. ಅವರಿಗೆ ತಿಳಿಯಲೆಂದು ಸರ್ಜನ್ ಹೀಗೆ ಹೇಳಿದರು: "ದಾರಿ ಎರಡಿದೆ. ಸ್ಲೀವ್ ಅಂದರೆ ಕೆರೆಯನ್ನೇ ಚಿಕ್ಕದು ಮಾಡುವುದು; ಹೊಟ್ಟೆಯ ಚೀಲ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸುತ್ತೇವೆ. ಬೈಪಾಸ್ ಅಂದರೆ ಕೆರೆ ಚಿಕ್ಕದು ಮಾಡಿ ಕಾಲುವೆಯನ್ನೂ ಬೇರೆ ಕಡೆ ತಿರುಗಿಸುವುದು. ಅದಕ್ಕೆ ಕರುಳು ಬಿಡಿಸಬೇಕು. ಇವರಿಗೆ ಅಂಟಿರುವುದೇ ಅಲ್ಲಿ. ಹಾಗಾಗಿ ಸ್ಲೀವ್ ವಾಸಿ. ಆದರೂ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವವರೆಗೆ ಮಾತು ಕೊಡಲಾರೆ. ತೀರಾ ಅಂಟಿದ್ದರೆ ದೊಡ್ಡದಾಗಿ ಕೊಯ್ಯಬೇಕಾಗಬಹುದು, ಇಲ್ಲವೇ ಏನೂ ಮಾಡದೆ ಹೊಲಿದು ಕಳಿಸಬೇಕಾಗಬಹುದು."

ಆಕೆ ಕೋಣೆಯ ನೆಲವನ್ನೇ ನೋಡುತ್ತ ಕೂತರು.

ಗಂಡ ಕೈಮುಗಿದು ಎದ್ದರು. "ಕಾಲುವೆ ತಿರುಗ್ಸದು ಬ್ಯಾಡವೇ ಬ್ಯಾಡ ಸಾ. ನಮ್ಮಪ್ಪ ಒಂದು ಕಾಲುವೆ ತಿರುಗ್ಸಿ, ನಾನು ಇನ್ನೂ ಕೋರ್ಟಿಗೆ ಅಲೀತಾ ಇವ್ನಿ. ಕೆರೆನೇ ಚಿಕ್ಕದು ಮಾಡ್ಬುಡಿ."

ಮುದ್ದೆ

ಅಂಟಿದ್ದನ್ನು ಬಿಡಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆದರೂ ಆಪರೇಷನ್ ಆಯಿತು. ಎಚ್ಚರವಾದಾಗ ಆಕೆ ಕೇಳಿದ್ದು ಒಂದೇ: "ಮಾಡುದ್ರಾ, ಇಲ್ಲ ಸುಮ್ನೆ ಹೊಲಿದ್ರಾ?" ಮಾಡಿದರು ಅಂದೆ. ಕಣ್ಣಂಚಿನಲ್ಲಿ ನೀರಿಳಿಯಿತು; ಒರೆಸಿದೆ.

ಆಮೇಲೆ ಬರೀ ತಿಳಿಗಂಜಿ, ನೀರು, ಅದೂ ಗುಟುಕು ಗುಟುಕು. ಮಧ್ಯಾಹ್ನ ನಾನು ರೌಂಡ್ಸಿಗೆ ಹೋದಾಗ, "ಏನ್ ಉಂಡ್ರಿ ಮೇಡಂ?" ಅಂದರು.

ನನ್ನ ಊಟದ ವಿಚಾರ ನಾನು ರೋಗಿಗಳ ಹತ್ತಿರ ಮಾತಾಡುವುದಿಲ್ಲ. ಆದರೂ ಹೇಳಿದೆ, "ಚಪಾತಿ."

ಆಕೆಯ ಮುಖ ಸಪ್ಪಗಾಯಿತು. "ನಾಳೆ ಮುದ್ದೆ, ಉಪ್ಸಾರು ಉಂಡು ಬನ್ನಿ. ಕೇಳಕ್ಕಾದ್ರೂ ಚೆನ್ನಾಗಿರ್ತದೆ."

ಮರುದಿನ ಮುದ್ದೆಯನ್ನೇ ಮಾಡಿಸಿಕೊಂಡೆ. ಯಾಕೆಂದು ಅಡುಗೆಯವಳಿಗೆ ಹೇಳಲಿಲ್ಲ.

ಪಂಕ್ತಿ

ವರ್ಷ ಕಳೆಯುವ ಹೊತ್ತಿಗೆ ಆಕೆಯ ತೂಕ ಮೂರರಲ್ಲೊಂದು ಪಾಲು ಇಳಿದಿತ್ತು. ಟಿ. ನರಸೀಪುರದಲ್ಲಿ ಮೈದುನನ ಹೊಸ ಮನೆಯ ಗೃಹಪ್ರವೇಶಕ್ಕೆ ನನ್ನನ್ನೂ ಬಿಡದೆ ಕರೆದರು. ನಡುಮನೆಯಲ್ಲಿ ಜಮಖಾನ ಹಾಸಿ ಸಾಲಾಗಿ ಎಲೆ ಹಾಕಿದ್ದರು. ಆಕೆ ಸೀರೆ ನೆರಿಗೆ ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ, ವಾರಗಿತ್ತಿಯರ ನಡುವೆ ಕೂತರು. ಅತ್ತೆ ಸಾಲಿನ ತುದಿಯಲ್ಲಿ, ನಾನು ಎದುರು.

ಆ ಮನೆಯಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ. ನನ್ನ ಆಸ್ಪತ್ರೆಯಲ್ಲಿ ಈ ಆಪರೇಷನ್ ಆದವರು ಪ್ರತಿ ತುತ್ತನ್ನೂ ಗಂಜಿಯಾಗುವಷ್ಟು ಅಗಿಯದೆ ನುಂಗುವಂತಿಲ್ಲ. ಈ ಎರಡು ಕಟ್ಟಳೆಗಳು ಒಂದೇ ಎಲೆಯ ಮೇಲೆ ಕೂಡಿದರೆ ಏನಾದೀತೆಂದು ನಾನು ಯೋಚಿಸಿರಲಿಲ್ಲ.

ಎಲ್ಲರ ಊಟ ಮುಗಿದು ಕೈ ಒಣಗಿತು. ಆಕೆ ಎರಡನೇ ತುತ್ತಿನಲ್ಲಿದ್ದರು. ಬಾಗಿಲಲ್ಲಿ ಮುಂದಿನ ಪಂಕ್ತಿಯವರು ಹಸಿದು ನಿಂತಿದ್ದರು.

"ಅತ್ತಿಗೆ," ಎಂದರು ಮೈದುನ, "ಮೊದ್ಲು ಎಲೆ ತುಂಬ ಉಂಡು ನಮಗಿಂತ ಮುಂಚೆ ಮುಗಿಸ್ತಿದ್ರಿ. ಈಗ ಎಲ್ಡು ತುತ್ತಿಗೆ ಹೊತ್ತು ಮುಳುಗ್ತದಲ್ಲ."

"ಮೇಡಂ ಅಪ್ಪಣೆ," ಎಂದು ಆಕೆ ನನ್ನತ್ತ ಬೆರಳು ಮಾಡಿದರು.

ಇಡೀ ಮನೆ ನನ್ನನ್ನು ನೋಡಿತು. ಕಾಲು ಜೋಮು ಹಿಡಿದಿದ್ದರೂ ಬೆನ್ನು ನೆಟ್ಟಗೆ ಮಾಡಿಕೊಂಡು, "ಹೌದು, ನಿಧಾನವಾಗಿಯೇ ಅಗಿಯಬೇಕು," ಎಂದೆ.

"ಕೂರ್ಲಿ ಬುಡ್ರಪ್ಪ," ಎಂದರು ಅತ್ತೆ. ಅಲ್ಲಿಗೆ ಮಾತು ನಿಂತಿತು.

ಕೊನೆಗೆ ಆಕೆಯ ಎಲೆ ಖಾಲಿಯಾಯಿತು. ಸಾಲು ಎದ್ದಿತು. ಆಕೆ ಏಳಲಿಲ್ಲ. ಮಂಡಿ ಹಿಡಿದುಕೊಂಡಿತೇನೋ ಎಂದು ನಾನು ಹೋಗಿ ಕೈ ನೀಡಿದೆ. "ಏಳಲು ಆಗುತ್ತಿಲ್ಲವೇ?"

"ಏಳಕ್ಕಾಯ್ತದೆ ಮೇಡಂ," ಎಂದು ಜಮಖಾನದ ಮೇಲೆ ಅಂಗೈ ಸವರಿದರು. "ಮನಸ್ ಬತ್ತಾ ಇಲ್ಲ."

ಹಸಿದವರಿಗೆ ಇನ್ನು ತಡೆಯಲಾಗಲಿಲ್ಲ. ಆಕೆಯನ್ನು ಅಲ್ಲೇ ಬಿಟ್ಟು ಅಕ್ಕಪಕ್ಕ ಎರಡನೇ ಪಂಕ್ತಿ ಕೂತೇಬಿಟ್ಟಿತು. ಆಕೆಯ ಮುಂದೆಯೂ ಹೊಸ ಎಲೆ ಬಿತ್ತು, ಅದರ ಮೇಲೆ ಒಂದು ಚಮಚ ಪಾಯಸ.

ಎರಡನೇ ಪಂಕ್ತಿಯವರೂ ಕೈ ಒಣಗಿಸಿಕೊಂಡು ಕಾದರು.